ಏನು ಬೇಕು ಅಂತ ಹೇಳಿದರೆ ಸಾಕು

ಆಟೋಮೇಷನ್ ಅಂದರೆ ಮನುಷ್ಯ ಕೈಯಾರೆ ಮಾಡುವ ಕೆಲಸವನ್ನು ಯಂತ್ರ ಬೇಗ ಬೇಗ ಮಾಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಹತ್ತು ಕಮಾಂಡ್‌ಗಳನ್ನು ಒಂದು ಸ್ಕ್ರಿಪ್ಟ್‌ನಲ್ಲಿ ಬರೆದು ರಾತ್ರಿ ಓಡಿಸಿಬಿಟ್ಟರೆ ಮುಗಿಯಿತು ಅಂದುಕೊಳ್ಳುವ ಐಟಿ ವಿಭಾಗಗಳು ಈಗಲೂ ಇವೆ. ಈ ತಿಳಿವಳಿಕೆ ಅರ್ಧ ಮಾತ್ರ ಸರಿ. ಉಳಿದರ್ಧ ಎಷ್ಟು ದುಬಾರಿ ಅನ್ನುವುದಕ್ಕೆ ಲೆಕ್ಕವೇ ಸಿಗುತ್ತದೆ.

2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷದಲ್ಲಿ 46 ಕೋಟಿ ಡಾಲರ್‌ಗಿಂತ ಜಾಸ್ತಿ ಕಳೆದುಕೊಂಡಿತು. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಬಿಟ್ಟುಹೋಯಿತು. ವರ್ಷಗಟ್ಟಲೆ ಬಳಸದೇ ಇದ್ದ ಹಳೇ ಕೋಡ್ ಅದರಲ್ಲಿ ಎದ್ದು ಕೂತು, ಒಂದೇ ಸಮನೆ ಆರ್ಡರ್ ಕಳಿಸತೊಡಗಿತು. ಗಾಬರಿಯಲ್ಲಿ ಎಂಜಿನಿಯರ್‌ಗಳು ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೇ ಹೊಸ ಕೋಡ್ ತೆಗೆದರು. ಒಂದು ಕಡೆಯ ತೊಂದರೆ ಎಂಟೂ ಕಡೆ ಹಬ್ಬಿತು. ಕೋಡ್ ಎಲ್ಲ ಕಡೆ ಹೋಗಿದೆಯಾ ಅಂತ ಇನ್ನೊಬ್ಬರು ನೋಡಬೇಕು ಅನ್ನುವ ಲಿಖಿತ ನಿಯಮ ಅಲ್ಲಿರಲಿಲ್ಲ.

ಎಂಟು ಸರ್ವರ್‌ಗೇ ಈ ಗತಿ. ಇವತ್ತು ದೊಡ್ಡ ಸಂಸ್ಥೆಯೊಂದರಲ್ಲಿ ಸಾವಿರಾರು ಇರುತ್ತವೆ. ಕೆಲವು ಸ್ವಂತ ಡೇಟಾ ಸೆಂಟರ್‌ನಲ್ಲಿ, ಕೆಲವು ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಬಾಡಿಗೆಗೆ ಕೊಡುವ ಕ್ಲೌಡ್‌ನಲ್ಲಿ. ಇವೆಲ್ಲ ಸೇರಿ ಒಂದೇ ವ್ಯವಸ್ಥೆಯಾಗಿ ನಡೆದರೆ ಅದೇ ಹೈಬ್ರಿಡ್ ಕ್ಲೌಡ್. ಒಂದೊಂದಕ್ಕೂ ಬೇರೆ ಎಪಿಐ (ಸಾಫ್ಟ್‌ವೇರ್‌ಗಳು ಪರಸ್ಪರ ಮಾತಾಡುವ ದಾರಿ), ಬೇರೆ ಅನುಮತಿ ಪದ್ಧತಿ, ಬೇರೆ ನೆಟ್‌ವರ್ಕ್ ನಿಯಮ. ಯಾರೋ ರಾತ್ರಿ ತುರ್ತಿಗೆ ಅಂತ ಒಂದು ಪೋರ್ಟ್, ಅಂದರೆ ಸರ್ವರ್‌ಗೆ ನೆಟ್‌ವರ್ಕ್‌ನ ಒಂದು ಬಾಗಿಲು, ತೆರೆದು, ಬೆಳಗ್ಗೆ ಮುಚ್ಚಲು ಮರೆತರೆ, ಬರೆದಿಟ್ಟ ವ್ಯವಸ್ಥೆಗೂ ಓಡುತ್ತಿರುವ ವ್ಯವಸ್ಥೆಗೂ ವ್ಯತ್ಯಾಸ ಶುರು. ಈ ರಂಗದವರು ಇದನ್ನು ಡ್ರಿಫ್ಟ್ ಅನ್ನುತ್ತಾರೆ. ಡ್ರಿಫ್ಟ್ ಸದ್ದು ಮಾಡುವುದಿಲ್ಲ, ಸುಮ್ನೆ ಜಮೆಯಾಗುತ್ತಾ ಹೋಗುತ್ತದೆ.

1993ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಮಾರ್ಕ್ ಬರ್ಜೆಸ್ ಸಿಎಫ್‌ಎಂಜಿನ್ ಎಂಬ ಸಾಫ್ಟ್‌ವೇರ್ ಬರೆದರು. ಅದರ ಹಿಂದೆ ಇದ್ದ ಯೋಚನೆ ನನಗೆ ಇವತ್ತಿಗೂ ರೋಮಾಂಚನ ಕೊಡುತ್ತದೆ. ಕಂಪ್ಯೂಟರ್‌ಗೆ ಏನೇನು ಮಾಡು ಅಂತ ಹೇಳಬೇಡಿ. ಕೊನೆಗೆ ಅದು ಹೇಗಿರಬೇಕು ಅಂತ ಹೇಳಿ. ಸಾಫ್ಟ್‌ವೇರ್ ಮೊದಲು ಈಗಿನ ಸ್ಥಿತಿ ನೋಡುತ್ತದೆ. ಬೇಕಾದ ಸ್ಥಿತಿಯ ಜೊತೆ ಹೋಲಿಸುತ್ತದೆ. ವ್ಯತ್ಯಾಸ ಇದ್ದರೆ ಅಷ್ಟನ್ನು ಮಾತ್ರ ಸರಿ ಮಾಡುತ್ತದೆ. ಇಲ್ಲದಿದ್ದರೆ ಏನನ್ನೂ ಮುಟ್ಟುವುದಿಲ್ಲ.

ಏನನ್ನೂ ಮುಟ್ಟದೇ ಇರುವುದರಲ್ಲೇ ಇದರ ಗುಟ್ಟಿದೆ. "ಫೈಲ್‌ನ ಕೊನೆಗೆ ಈ ಸಾಲು ಸೇರಿಸು" ಅನ್ನುವ ಸ್ಕ್ರಿಪ್ಟ್ ಮೂರು ಸಲ ಓಡಿದರೆ ಸಾಲು ಮೂರು ಸಲ ಸೇರುತ್ತದೆ. "ಫೈಲ್‌ನಲ್ಲಿ ಈ ಸಾಲು ಇರಬೇಕು" ಎಂದರೆ ನೂರು ಸಲ ಓಡಿದರೂ ಅದು ಒಂದೇ. ಲಿಫ್ಟ್ ಬಟನ್‌ನ ಹಾಗೆ: ಒಂದು ಸಲ ಒತ್ತಿ, ಹತ್ತು ಸಲ ಒತ್ತಿ, ಲಿಫ್ಟ್ ಬರುವುದು ಒಂದೇ ಸಲ. ಇದಕ್ಕೆ ಐಡೆಂಪೊಟೆನ್ಸ್ ಎಂದು ಹೆಸರು. ಈ ಗುಣ ಇದ್ದರೆ ಕೆಲಸ ಅರ್ಧಕ್ಕೆ ನಿಂತರೂ ಭಯವಿಲ್ಲ, ಮತ್ತೆ ಮೊದಲಿನಿಂದ ಓಡಿಸಬಹುದು. ಸಾವಿರ ಸರ್ವರ್‌ಗಳಲ್ಲಿ ಮೂರು ಕೈಕೊಟ್ಟರೆ ಆ ಮೂರು ಯಾವುವು ಅಂತ ಹುಡುಕಿಕೊಂಡು ಹೋಗಬೇಕಿಲ್ಲ, ಸಾವಿರಕ್ಕೂ ಮತ್ತೆ ಓಡಿಸಿದರಾಯ್ತು.

ಸರ್ವರ್‌ಗಳ ಸೆಟ್ಟಿಂಗ್ ನೋಡಿಕೊಳ್ಳುವ 2012ರ ಆನ್ಸಿಬಲ್, ಕ್ಲೌಡ್‌ನಲ್ಲಿ ಸರ್ವರ್, ಡೇಟಾಬೇಸ್ ಕಟ್ಟಿಕೊಡುವ 2014ರ ಟೆರಾಫಾರ್ಮ್, ಅನೇಕ ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ಓಡಿಸಿ ನೋಡಿಕೊಳ್ಳುವ, ಅದೇ ವರ್ಷ ಗೂಗಲ್ ಹೊರಬಿಟ್ಟ ಕುಬರ್ನೆಟಿಸ್, ಎಲ್ಲದರ ಹೊಟ್ಟೆಯೊಳಗೂ ಇದೇ ಯೋಚನೆ ಇದೆ. ಐಬಿಎಂ 2019ರಲ್ಲಿ ಸುಮಾರು 3,400 ಕೋಟಿ ಡಾಲರ್ ಕೊಟ್ಟು ಆನ್ಸಿಬಲ್‌ನ ರೆಡ್ ಹ್ಯಾಟ್ ಕಂಪನಿಯನ್ನೂ, 2025ರಲ್ಲಿ ಟೆರಾಫಾರ್ಮ್‌ನ ಹಾಶಿಕಾರ್ಪ್ ಕಂಪನಿಯನ್ನೂ ಕೊಂಡಿತು. ಹೈಬ್ರಿಡ್ ಕ್ಲೌಡ್ ನಿರ್ವಹಣೆಗೆ ಎಷ್ಟು ಬೆಲೆ ಬಂದಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ.

ಟೆರಾಫಾರ್ಮ್ ಒಂದು ಒಳ್ಳೆಯ ಅಭ್ಯಾಸ ಕಲಿಸಿದೆ. ಕೆಲಸಕ್ಕೆ ಕೈಹಾಕುವ ಮೊದಲು ಪ್ಲ್ಯಾನ್ ತೋರಿಸುತ್ತದೆ. ಸಾಲಿನ ಮುಂದೆ + ಇದ್ದರೆ ಹೊಸದಾಗಿ ಕಟ್ಟುತ್ತದೆ. ~ ಇದ್ದರೆ ಇದ್ದಲ್ಲೇ ಬದಲಿಸುತ್ತದೆ. -/+ ಕಂಡರೆ ಕೀಬೋರ್ಡ್‌ನಿಂದ ಕೈ ತೆಗೆಯಿರಿ, ಅದು ಇರುವುದನ್ನು ಅಳಿಸಿ ಮತ್ತೆ ಕಟ್ಟುತ್ತದೆ. ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ನಡೆಸಿಕೊಡುವ ಆರ್‌ಡಿಎಸ್ ಡೇಟಾಬೇಸ್‌ಗೆ ಎನ್‌ಕ್ರಿಪ್ಷನ್ (ಡೇಟಾವನ್ನು ಗೂಢಲಿಪಿಯಲ್ಲಿಡುವುದು) ಹಾಕೋಣ ಅಂತ ಒಂದೇ ಒಂದು ಪದ ಬದಲಿಸಿದರೂ ಈ ಗುರುತು ಬರುತ್ತದೆ. ಆ ಸೆಟ್ಟಿಂಗನ್ನು ಓಡುತ್ತಿರುವ ಡೇಟಾಬೇಸ್‌ನಲ್ಲಿ ಬದಲಿಸಲು ಆಗುವುದಿಲ್ಲ. ಪ್ಲ್ಯಾನ್ ಓದದೆ "ಯೆಸ್" ಒತ್ತುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕ.

ಟೆರಾಫಾರ್ಮ್ ನಾವು ಓಡಿಸಿದಾಗ ಮಾತ್ರ ಹೋಲಿಸುತ್ತದೆ. ಕುಬರ್ನೆಟಿಸ್ ಹಾಗಲ್ಲ, ಸದಾ ನೋಡುತ್ತಲೇ ಇರುತ್ತದೆ. ಅಳೆ, ಹೋಲಿಸು, ತಿದ್ದು, ಮತ್ತೆ ಅಳೆ. ಇದು ಕಂಪ್ಯೂಟರ್‌ಗಿಂತ ಬಹಳ ಹಳೆಯದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ಗವರ್ನರ್ ಕೂಡಿಸಿದ. ವೇಗ ಏರಿದರೆ ಗುಂಡುಗಳು ಹೊರಕ್ಕೆ ಅಗಲಿ ಉಗಿಯ ಕವಾಟವನ್ನು ಮುಚ್ಚುತ್ತಿದ್ದವು, ಇಳಿದರೆ ತೆರೆಯುತ್ತಿದ್ದವು. ಆದರೆ ಇಂಥ ಕೆಲವು ಗವರ್ನರ್‌ಗಳು ಸ್ಥಿರವಾಗಿ ನಿಲ್ಲದೆ ಯಂತ್ರವನ್ನು ಒಮ್ಮೆ ಜೋರು, ಒಮ್ಮೆ ನಿಧಾನ ಮಾಡುತ್ತಾ ತೂಗಾಡಿಸುತ್ತಿದ್ದವು. ಹಾಗೇಕೆ ಅಂತ 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗಣಿತದಲ್ಲಿ ತೋರಿಸಿದ.

ಕ್ಲೌಡ್‌ನಲ್ಲೂ ಇದೇ ತೂಗಾಟ ಬರುತ್ತದೆ. ಎಂಟು ಸರ್ವರ್ ಇರಬೇಕು ಅಂತ ಟೆರಾಫಾರ್ಮ್ ಫೈಲ್‌ನಲ್ಲಿದೆ. ಬಳಕೆದಾರರು ಜಾಸ್ತಿಯಾದರು, ಬಳಕೆಗೆ ತಕ್ಕಂತೆ ಸಂಖ್ಯೆ ಏರಿಸಿ ಇಳಿಸುವ ಆಟೋಸ್ಕೇಲರ್ ಅದನ್ನು ಹನ್ನೆರಡು ಮಾಡಿತು. ಮುಂದಿನ ಸಲ ಟೆರಾಫಾರ್ಮ್ ಓಡಿದಾಗ ಇದೂ ಡ್ರಿಫ್ಟ್ ಅಂದುಕೊಂಡು ನಾಲ್ಕನ್ನು ಕೊಲ್ಲುತ್ತದೆ. ಸರಿಯಾಗಿ ಜನ ನುಗ್ಗಿರುವ ಹೊತ್ತಿಗೇ. ಇಬ್ಬರೂ ತಮ್ಮ ಲೆಕ್ಕದಲ್ಲಿ ಸರಿ. ಆದ್ದರಿಂದ ಒಂದೊಂದು ಸೆಟ್ಟಿಂಗ್‌ಗೂ ಒಬ್ಬನೇ ಯಜಮಾನ ಇರಬೇಕು. ಸರ್ವರ್‌ಗಳ ಸಂಖ್ಯೆಯನ್ನು ನೋಡಬೇಡ ಅಂತ ಟೆರಾಫಾರ್ಮ್‌ಗೆ ಬರೆದು ಹೇಳಲು ದಾರಿ ಇದೆ, ಅದನ್ನು ಬಳಸಬೇಕು.

ಯಜಮಾನ ಒಬ್ಬನೇ ಆದರೂ ಆತುರ ಜಾಸ್ತಿಯಾದರೆ ತೂಗಾಟ ತಪ್ಪದು. ಬಳಕೆ ಒಂದು ಕ್ಷಣ ಇಳಿಯಿತು ಅಂತ ತಕ್ಷಣ ಅರ್ಧ ವ್ಯವಸ್ಥೆ ಮುಚ್ಚಿದರೆ, ಮರುಕ್ಷಣ ಮತ್ತೆ ತೆರೆಯಬೇಕಾಗುತ್ತದೆ. ಅದಕ್ಕೇ ಕುಬರ್ನೆಟಿಸ್‌ನ ಆಟೋಸ್ಕೇಲರ್ ಸಂಖ್ಯೆ ಇಳಿಸುವಾಗ ಹಿಂದಿನ 300 ಸೆಕೆಂಡ್‌ಗಳಲ್ಲಿ ಎಷ್ಟು ಬೇಕು ಅಂತ ಹಾಕಿದ ಲೆಕ್ಕಗಳನ್ನೆಲ್ಲ ನೋಡಿ, ಅವುಗಳಲ್ಲಿ ದೊಡ್ಡದನ್ನೇ ಹಿಡಿಯುತ್ತದೆ. ನಾವು ಬದಲಿಸದಿದ್ದರೆ ಅದರ ಮೂಲ ಸೆಟ್ಟಿಂಗ್ ಇದೇ.