ಸಂಚಿಗೂ ‘ಹೂಡು’, ದುಡ್ಡಿಗೂ ‘ಹೂಡು’: ಯಾಕೆ?

ಓದುಗರ ಪ್ರಶ್ನೆ: ‘ಸಂಚು ಹೂಡಿದರು’ ಅಂತೀವಿ, ‘ಹಣ ಹೂಡಿದರು’ ಅಂತಲೂ ಅಂತೀವಿ. ‘ಹೂಡು’ ಅಂದರೆ ಸರಿಯಾಗಿ ಏನರ್ಥ? ‘ಪ್ಲಾನ್ ಮಾಡು’ ಅನ್ನುವ ಕಡೆಯಲ್ಲೆಲ್ಲ ಅದನ್ನು ಬಳಸಬಹುದಾ?

ಹಳ್ಳಿಯಲ್ಲಿ ಬೆಳೆದವರಿಗೆ ಈ ಪದ ಕೇಳಿದರೆ ಮೊದಲು ನೆನಪಾಗುವುದು ಎತ್ತು. ಎತ್ತಿನ ಹೆಗಲಿಗೆ ನೊಗ ಕೊಟ್ಟು, ಹಗ್ಗ ಬಿಗಿದು, ನೇಗಿಲಿಗೋ ಗಾಡಿಗೋ ಕಟ್ಟುವುದೇ ಹೂಡುವುದು. ‘ಎತ್ತು ಹೂಡು’ ಅಂದರೂ ಸರಿ, ‘ಗಾಡಿ ಹೂಡು’ ಅಂದರೂ ಸರಿ. ಮೈಸೂರು, ಚಾಮರಾಜನಗರದ ಕಡೆ ಯುಗಾದಿಗೆ ವರ್ಷದ ಮೊದಲ ಉಳುಮೆ ಮಾಡುವುದನ್ನು ‘ಹೊನ್ನಾರು ಹೂಡುವುದು’ ಅಂತಾರೆ. ಕುಂದಾಪುರದ ಕಡೆ ‘ಗದ್ದೆ ಹೂಡು’ ಅಂದರೆ ಉಳುವುದೇ. ಹಳಗನ್ನಡದಲ್ಲಿ ಇದು ‘ಪೂಡು’. ತಮಿಳಿನ ‘ಪೂಟ್ಟು’ ಇದರ ನೆಂಟ. ಅಲ್ಲಿ ಎತ್ತು ಹೂಡುವುದಕ್ಕೂ ಬೀಗ ಹಾಕುವುದಕ್ಕೂ ಅದೇ ಮಾತು.

ಎತ್ತು ಹೂಡಿದ ಮೇಲೆ ಎಲ್ಲ ಸಜ್ಜಾಗಿ ನಿಂತಿರುತ್ತದೆ, ‘ಹೋ’ ಅಂದರೆ ಸಾಕು, ಹೊರಡುತ್ತದೆ. ಪದದ ಉಳಿದ ಬಳಕೆಗಳಲ್ಲೂ ಇದೇ ಚಿತ್ರ ಕಾಣುತ್ತದೆ. ಬಿಲ್ಲಿಗೆ ಬಾಣ ಹೂಡುತ್ತೇವೆ. ಮೂರು ಕಲ್ಲಿಟ್ಟು ಒಲೆ ಹೂಡುತ್ತೇವೆ. ಬಿಡಾರ ಹೂಡುತ್ತೇವೆ, ಸಂಸಾರ ಹೂಡುತ್ತೇವೆ, ಕೋರ್ಟಿನಲ್ಲಿ ದಾವೆ ಹೂಡುತ್ತೇವೆ, ಧರಣಿ ಹೂಡುತ್ತೇವೆ. ಎಲ್ಲ ಕಡೆಯೂ ಯೋಚಿಸುವ ಹಂತ ಮುಗಿದಿದೆ, ಕೈ ಕೆಲಸಕ್ಕಿಳಿದಿದೆ. ಸಂಚು ಹೂಡಿದವನೂ ಹಾಗೆಯೇ: ಅವನು ಸುಮ್ನೆ ಯೋಚಿಸಿಲ್ಲ, ಯಾರು ಎಲ್ಲಿರಬೇಕು ಅಂತ ಎಲ್ಲ ಅಣಿ ಮಾಡಿಟ್ಟಿದ್ದಾನೆ. ಕೆಟ್ಟತನ ಇರುವುದು ‘ಸಂಚಿ’ನಲ್ಲಿ, ‘ಹೂಡು’ವಿನಲ್ಲಿ ಇಲ್ಲ. ಮಗುವಿಗೆ ಕಹಿ ಔಷಧಿ ಕುಡಿಸಲು ಅಜ್ಜಿ ಒಂದು ಉಪಾಯ ಹೂಡಿದಳು ಅಂತ ಬರೆದರೆ ಯಾರಿಗೂ ಕೆಟ್ಟದ್ದು ಅನ್ನಿಸದು, ಅಲ್ವಾ?

ದುಡ್ಡಿನ ವಿಷಯಕ್ಕೆ ಈ ಪದ ನನಗೆ ತುಂಬ ಇಷ್ಟ. ಪೆಟ್ಟಿಗೆಯಲ್ಲಿದ್ದ ಹಣ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಎತ್ತಿನಂತೆ. ಅದನ್ನು ದುಡಿಮೆಗೆ ಕಟ್ಟಿದರೆ ‘ಹೂಡಿಕೆ’. ಹಾಗಾಗಿಯೇ ‘ವ್ಯಾಪಾರಕ್ಕೆ ಹಣ ಹೂಡಿದ’ ಅನ್ನುವುದು ಕಿವಿಗೆ ಚೆಂದ. ಗಾಡಿಗೆ ಎತ್ತು, ಬಿಲ್ಲಿಗೆ ಬಾಣ, ವ್ಯಾಪಾರಕ್ಕೆ ಹಣ. ಈಗ ‘ವ್ಯಾಪಾರದಲ್ಲಿ ಹೂಡಿದ’ ಅನ್ನುವುದೇ ಜಾಸ್ತಿ. ತಪ್ಪೇನಲ್ಲ, ಆದರೆ ಆ ‘ಕ್ಕೆ’ಯಲ್ಲಿ ನೊಗದ ನೆನಪಿದೆ.

ಇನ್ನು ‘ಪ್ಲಾನ್ ಮಾಡು’. ಅದರ ಬದಲಿಗೆ ಎಲ್ಲ ಕಡೆ ‘ಹೂಡು’ ಹೊಂದುವುದಿಲ್ಲ. ‘ಮುಂದಿನ ತಿಂಗಳು ಊಟಿಗೆ ಹೋಗಲು ಹೂಡಿದ್ದೇವೆ’ ಅನ್ನಲಾಗದು. ಅಲ್ಲಿ ‘ಹೋಗಬೇಕು ಅಂತಿದ್ದೇವೆ’ ಸಾಕು. ಸಭೆ ಸಮಾರಂಭಕ್ಕೆ ‘ಹಮ್ಮಿಕೊಳ್ಳು’ ಇದೆ. ಇನ್ನೂ ಪ್ರಯತ್ನದಲ್ಲೇ ಇದ್ದರೆ ‘ಹವಣಿಸು’. ಕಾಗದದ ಮೇಲಿನ ಲೆಕ್ಕಾಚಾರಕ್ಕೆ ‘ಯೋಜನೆ’.

ಈ ‘ಯೋಜನೆ’ಯೂ ನೊಗದಿಂದಲೇ ಬಂದದ್ದು. ಸಂಸ್ಕೃತದ ‘ಯುಜ್’ ಅಂದರೆ ಕೂಡಿಸು, ನೊಗಕ್ಕೆ ಕಟ್ಟು. ದಾರಿಯ ದೂರ ಅಳೆಯುವ ಹಳೆಯ ‘ಯೋಜನ’ವೂ ಅದೇ ಬೇರಿನದು: ಒಮ್ಮೆ ಹೂಡಿದ ಗಾಡಿ, ಬಿಚ್ಚದೆ ಹೋಗುವಷ್ಟು ದಾರಿ.