ಕೊಳಗದಿಂದ ಫಾರಂ ನಂಬರ್ 7ರವರೆಗೆ: ಶಾಂತವೇರಿ ಗೋಪಾಲಗೌಡರು ಹಿಡಿದ ಜಗಳ

ಕಣದಲ್ಲಿ ಭತ್ತ ಅಳೆಯುವವನು ಮೊದಲ ಕೊಳಗಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾನೆ. ಲಾಭ, ಎರಡು, ಮೂರು ಎಂದು ರಾಗವಾಗಿ ಎಣಿಕೆ ಸಾಗುತ್ತದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಮಲೆನಾಡಿನ ಗೇಣಿ ಒಕ್ಕಲಿನ ಮಟ್ಟಿಗೆ ಆ ಲಾಭ ಯಾರದು ಎಂಬ ಪ್ರಶ್ನೆಗೆ ಬಹುಕಾಲ ಒಂದೇ ಉತ್ತರವಿತ್ತು. ಉತ್ತವನು, ನೆಟ್ಟವನು, ಕೊಯ್ದವನು, ಒಕ್ಕಿದವನು ರಾಶಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅಳೆದದ್ದು ಧಣಿಯ ಮನೆಗೆ ಹೋಗುತ್ತಿತ್ತು, ಉಳಿದದ್ದರಲ್ಲಿ ಅವನ ಮನೆ ಮುಂದಿನ ಸುಗ್ಗಿಯವರೆಗೆ ಉಣ್ಣಬೇಕಿತ್ತು.

ಕರ್ನಾಟಕದ ಭೂಸುಧಾರಣೆಯ ಕತೆಯನ್ನು ನಾವು ಸಾಮಾನ್ಯವಾಗಿ ದೇವರಾಜ ಅರಸರಿಂದ ಶುರು ಮಾಡುತ್ತೇವೆ. 1974 ಎಂಬ ಇಸವಿ, ‘ಉಳುವವನೇ ಹೊಲದೊಡೆಯ’ ಎಂಬ ಮಾತು, ವಿಧಾನಸೌಧದ ಹಿನ್ನೆಲೆ. ಅರಸರಿಗೆ ಸಲ್ಲಬೇಕಾದ ಗೌರವದಲ್ಲಿ ಒಂದು ಗುಲಗಂಜಿಯಷ್ಟನ್ನೂ ಕಡಿಮೆ ಮಾಡಬೇಕಿಲ್ಲ. ಆದರೆ ಆ ಕಾನೂನಿನ ಬೇರು ಹುಡುಕಿಕೊಂಡು ಹೋದರೆ ನಾವು ಬಂದು ನಿಲ್ಲುವುದು ಸಾಗರ ತಾಲ್ಲೂಕಿನ ಕಾಗೋಡಿನ ಕಣದಲ್ಲಿ. ಅಲ್ಲಿ ಎದ್ದ ಜಗಳವನ್ನು ವಿಧಾನಸಭೆಯವರೆಗೆ ಹೊತ್ತು ತಂದವರು ಶಾಂತವೇರಿ ಗೋಪಾಲಗೌಡರು. ಒಂದು ದಿನವೂ ಮಂತ್ರಿಯಾಗದ, 49ನೇ ವಯಸ್ಸಿಗೇ ಹೋಗಿಬಿಟ್ಟ ಮನುಷ್ಯ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ತೀರ್ಥಹಳ್ಳಿ ಸೀಮೆಯ ಬಡ ಮನೆ. ಓದುವ ವಯಸ್ಸಿನಲ್ಲೇ 1942ರ ಕ್ವಿಟ್ ಇಂಡಿಯಾ ಚಳವಳಿ ಬಂತು, ಜೈಲೂ ಆಯಿತು. ಸ್ವಾತಂತ್ರ್ಯ ಬಂದ ಮೇಲೆ ಜೈಲಿಗೆ ಹೋಗಿಬಂದ ಅನೇಕರು ಕಾಂಗ್ರೆಸ್ಸಿನ ಚಾವಡಿಯಲ್ಲಿ ಜಾಗ ಹಿಡಿದರು. ಇವರು ಹಿಡಿದದ್ದು ಸಮಾಜವಾದಿಗಳ ದಾರಿ. ಮೈಸೂರು ಸಂಸ್ಥಾನದಲ್ಲಿ ಆ ಪಕ್ಷಕ್ಕೆ ದುಡ್ಡಿರಲಿಲ್ಲ, ದೊಡ್ಡ ಜಾತಿಗಳ ಬೆಂಬಲವಿರಲಿಲ್ಲ, ಅಧಿಕಾರ ಸಿಗುವ ಸೂಚನೆಯಂತೂ ಇರಲೇ ಇಲ್ಲ.

ಕಾಗೋಡಿನಲ್ಲಿ ಆಗಿದ್ದೇನು? ಅಲ್ಲಿನ ಗದ್ದೆಗಳು ಒಡೆಯರ್ ಎಂಬ ಊರಿನ ಜಮೀನ್ದಾರ ಮನೆತನದವು, ಉಳುವವರು ದೀವರು ಎಂಬ ಸಮುದಾಯದವರು. ತಲೆಮಾರುಗಳಿಂದ ನಡೆದುಬಂದ ವ್ಯವಸ್ಥೆ. ಗೇಣಿಯ ಜೊತೆಗೆ ಬಿಟ್ಟಿ ಚಾಕರಿಯೂ ಇತ್ತು, ತಲೆ ತಗ್ಗಿಸಿ ನಡೆಯುವ ಕಟ್ಟುಪಾಡೂ ಇತ್ತು. ಒಕ್ಕಲುಗಳು ಮೊದಲು ಎತ್ತಿದ್ದು ಅಳತೆಯ ತಕರಾರು. ಗೇಣಿ ಅಳೆಯುವ ಕೊಳಗ ಸರ್ಕಾರ ಒಪ್ಪಿದ ಕೊಳಗಕ್ಕಿಂತ ದೊಡ್ಡದು, ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂಬುದಷ್ಟೇ ಅವರ ಬೇಡಿಕೆ.

ಇದನ್ನು ಚಿಕ್ಕ ವಿಷಯ ಅಂದುಕೊಳ್ಳುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಮೂರು ಸೇರಿನ ಕೊಳಗ ಇರಬೇಕಾದ ಕಡೆ ಮೂರೂವರೆ ಸೇರಿನದು ಇದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಹತ್ತು ಖಂಡುಗ ಗೇಣಿ ಎಂದರೆ 200 ಕೊಳಗ. ಕೊಳಗಕ್ಕೆ ಅರ್ಧ ಸೇರಿನಂತೆ 100 ಸೇರು ಭತ್ತ ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಮಳೆಗಾಲದ ಕೊನೆಗೆ ಅಕ್ಕಿಯ ಮಡಿಕೆ ಬರಿದಾದ ಮನೆಗೆ ಅದು ವಾರಗಟ್ಟಲೆಯ ಅನ್ನ. ಅಳತೆಪಾತ್ರೆಯನ್ನು ಪ್ರಶ್ನಿಸುವುದೆಂದರೆ ಧಣಿಯ ಮಾತನ್ನೇ ಪ್ರಶ್ನಿಸಿದಂತೆ. ಉತ್ತರವಾಗಿ ಬಂದದ್ದು ಗದ್ದೆಯಿಂದ ಬಿಡಿಸುವ ಕ್ರಮ. ಹೀಗೆ ಕೊಳಗದಿಂದ ಶುರುವಾದದ್ದು ಗದ್ದೆಗೆ ಬಂದು ನಿಂತಿತು.

ಒಕ್ಕಲುಗಳನ್ನು ಮೊದಲು ಸಂಘಟಿಸಿದವರು ರೈತ ಸಂಘ ಕಟ್ಟಿದ ಎಚ್. ಗಣಪತಿಯಪ್ಪನವರು. ಈ ಹೆಸರನ್ನು ಹೇಳದೆ ಕಾಗೋಡಿನ ಕತೆ ಹೇಳಬಾರದು. ನಾಯಕರು ಬರುವ ಮೊದಲು ಚಳವಳಿ ಇತ್ತು, ಅದು ಊರಿನವರದೇ ಆಗಿತ್ತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನಿಷೇಧಿಸಿದ ಗದ್ದೆಗೆ ನೇಗಿಲು ಹೊತ್ತು ಇಳಿಯುವುದು, ಪೊಲೀಸರು ಹಿಡಿಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸ್ವತಂತ್ರ ಭಾರತದ ಜೈಲಿಗೆ ಗೇಣಿದಾರರು ಸಾಲಾಗಿ ನಡೆದರು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಾಗ ಮುಂದೆ ನಿಂತವರು ಗೋಪಾಲಗೌಡರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಕಾಗೋಡಿಗೆ ಹೋದರು. ರಾತ್ರಿ ಸಾಗರದ ರೈಲ್ವೆ ನಿಲ್ದಾಣದಲ್ಲಿ ಅವರನ್ನು ಬಂಧಿಸಲಾಯಿತು. ಆ ಬಂಧನದಿಂದ ಕಾಗೋಡು ಎಂಬ ಹಳ್ಳಿಯ ಹೆಸರು ದೇಶಕ್ಕೆ ಗೊತ್ತಾಯಿತು.

ಸತ್ಯಾಗ್ರಹ ಗೆದ್ದಿತೇ? ಆ ವರ್ಷ ಗೆಲ್ಲಲಿಲ್ಲ. ಒಕ್ಕಲುಗಳ ಕೈಗೆ ಭೂಮಿ ಬರಲಿಲ್ಲ. ಇದನ್ನು ಮುಚ್ಚಿಟ್ಟು ಕಾಗೋಡನ್ನು ವಿಜಯಗಾಥೆ ಮಾಡುವುದು ಆ ಜನ ಮುಂದೆ ಕಾದ ವರ್ಷಗಳಿಗೆ ಮಾಡುವ ಅನ್ಯಾಯ ಎಂದು ನನಗೆ ಅನಿಸುತ್ತದೆ. ಆದರೆ ಕೆಲವೇ ತಿಂಗಳಲ್ಲಿ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಸಾಗರ-ಹೊಸನಗರದ ಮತದಾರರು ಇನ್ನೂ ಮೂವತ್ತು ತುಂಬದ ಗೋಪಾಲಗೌಡರನ್ನು ಗೆಲ್ಲಿಸಿದರು. ಸೋತವರು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ್. 99 ಜನರ ಮೈಸೂರು ವಿಧಾನಸಭೆಯಲ್ಲಿ ಸಮಾಜವಾದಿ ಪಕ್ಷದವರು ಬೆರಳೆಣಿಕೆಯಷ್ಟು ಮಂದಿ.

ಗೌಡರ ಚುನಾವಣೆಗಳ ಬಗ್ಗೆ ಮಲೆನಾಡಿನಲ್ಲಿ ಇಂದಿಗೂ ಒಂದು ಮಾತು ಓಡಾಡುತ್ತದೆ: ‘ಒಂದು ಓಟು, ಒಂದು ನೋಟು’. ಮತ ಕೊಡುವವರೇ ಒಂದು ರೂಪಾಯಿಯ ನೋಟನ್ನೂ ಕೊಡುವುದು. ಕೂಲಿ ಮಾಡುವವನ ಕೈಯಲ್ಲಿ ಒಂದು ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲದ ಕಾಲ ಅದು. ಅಭ್ಯರ್ಥಿ ಮತದಾರನ ಮನೆಗೆ ಹಣ ಮುಟ್ಟಿಸುವುದನ್ನೇ ಚುನಾವಣೆ ಎಂದು ತಿಳಿದಿರುವ ನಮಗೆ ಇದು ಬೇರೆ ಯಾವುದೋ ದೇಶದ ಸುದ್ದಿಯ ಹಾಗೆ ಕೇಳುತ್ತದೆ. ಆದರೆ ಇದು ನಡೆದದ್ದು ಇಲ್ಲೇ, ನಮ್ಮ ಅಜ್ಜಂದಿರ ಕಾಲದಲ್ಲಿ.

1957ರಲ್ಲಿ ಗೌಡರು ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಭೂಸುಧಾರಣೆಯ ಇತಿಹಾಸವನ್ನು ಈ ಇಸವಿಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಎದೆ ಭಾರವಾಗುತ್ತದೆ. ಏಕೀಕರಣದ ನಂತರ ಬೇರೆಬೇರೆ ಪ್ರದೇಶಗಳ ಗೇಣಿ ಕಾನೂನುಗಳನ್ನು ಒಂದು ಮಾಡಲು ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯಾದದ್ದು 1957ರಲ್ಲಿ. ಅದರ ಶಿಫಾರಸಿನ ಮೇಲೆ ಮಸೂದೆ ಬಂದು, ಚರ್ಚೆಯಾಗಿ, ಮೈಸೂರು ಭೂಸುಧಾರಣಾ ಕಾಯ್ದೆ ಎಂದಾದದ್ದು 1961ರಲ್ಲಿ. ಗೌಡರು ಸದನದಲ್ಲಿ ಇಲ್ಲದೇ ಇದ್ದದ್ದು ಸರಿಯಾಗಿ ಅದೇ ಐದು ವರ್ಷ. ಕಾಗೋಡಿನ ಗದ್ದೆ ಕಂಡ ಮನುಷ್ಯ ಹೊರಗೆ ಉಳಿದರು, ಒಳಗೆ ಗೇಣಿದಾರನ ಹಣೆಬರಹ ಬರೆಯಲಾಯಿತು.

ಬರೆದದ್ದಾದರೂ ಹೇಗೆ? ಕಾಯ್ದೆಯಲ್ಲಿ ಗೇಣಿದಾರನಿಗೆ ರಕ್ಷಣೆ ಇತ್ತು, ಗೇಣಿಗೆ ಮಿತಿ ಇತ್ತು, ಜಮೀನಿಗೆ ಗರಿಷ್ಠ ಮಿತಿಯೂ ಇತ್ತು. ಜೊತೆಗೆ ‘ಸ್ವಂತ ಸಾಗುವಳಿ’ಗೆ ಬೇಕು ಎಂದು ಹೇಳಿ ಮಾಲೀಕ ಗೇಣಿದಾರನಿಂದ ಜಮೀನಿನ ಒಂದು ಭಾಗವನ್ನು ವಾಪಸ್ ಪಡೆಯುವ ದಾರಿಯೂ ಇತ್ತು. ಅದೂ ಸಾಲದೆ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ನಾಲ್ಕು ವರ್ಷಗಳ ಅಂತರ. ಇಂಥ ಕಾನೂನು ಬರುತ್ತದೆ ಎಂದು ಮೊದಲೇ ಡಂಗುರ ಸಾರಿ ನಾಲ್ಕು ವರ್ಷ ಸುಮ್ಮನಿದ್ದರೆ ಹಳ್ಳಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಕಾಗದವಿಲ್ಲದ, ಬಾಯಿಮಾತಿನ ಗೇಣಿಯೇ ಹೆಚ್ಚಾಗಿದ್ದ ಕಾಲದಲ್ಲಿ ‘ಇವನು ನನ್ನ ಒಕ್ಕಲಲ್ಲ, ಕೂಲಿಯವನು’ ಎಂದರೆ ಕತೆ ಮುಗಿಯುತ್ತಿತ್ತು.

ಇದೇ ಅವಧಿಯಲ್ಲಿ ಕೊಳಗವೂ ಹೋಯಿತು. ಮೆಟ್ರಿಕ್ ಪದ್ಧತಿ ಬಂದು, ಸೇರು, ಕೊಳಗ, ಖಂಡುಗಗಳ ಜಾಗದಲ್ಲಿ ಕಿಲೋಗ್ರಾಂ, ಕ್ವಿಂಟಲ್ ಕೂತವು. ಯಾವ ಅಳತೆಗಾಗಿ ಜನ ಜೈಲು ಕಂಡರೋ ಆ ಅಳತೆಪಾತ್ರೆ ಅಟ್ಟ ಸೇರಿತು. ಗೇಣಿ ಮಾತ್ರ ಕಣದಲ್ಲೇ ಉಳಿಯಿತು.

1962ರಲ್ಲಿ ಸದನಕ್ಕೆ ಮರಳಿದ ಗೌಡರ ಎರಡನೇ ಇನಿಂಗ್ಸ್ ಸುಮಾರು ಒಂಬತ್ತು ವರ್ಷದ್ದು. ಜಮೀನಿನ ಪ್ರಶ್ನೆಯ ಜೊತೆಗೆ ಅವರು ಹಿಡಿದ ಇನ್ನೊಂದು ಹಟ ಭಾಷೆಯದು. ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಬೇಕು. ಇವೆರಡೂ ಅವರಿಗೆ ಬೇರೆಬೇರೆ ವಿಷಯಗಳಾಗಿರಲಿಲ್ಲ. ತಾಲ್ಲೂಕು ಕಚೇರಿಯ ಕಾಗದ ಇಂಗ್ಲಿಷಿನಲ್ಲಿದ್ದರೆ ಗೇಣಿದಾರ ತನ್ನ ಹೆಸರು ಅದರಲ್ಲಿ ಇದೆಯೋ ಇಲ್ಲವೋ ಎಂಬುದಕ್ಕೂ ಇನ್ನೊಬ್ಬನ ಬಾಯಿ ನೋಡಬೇಕು. ಸಾಹಿತ್ಯ, ಸಂಗೀತದ ಒಡನಾಟವಿದ್ದ ಮನುಷ್ಯ ಅವರು, ಲೇಖಕರ ಗೆಳೆಯ. ಆದರೂ ಅವರ ಕನ್ನಡದ ಕಾಳಜಿ ಕವಿಗೋಷ್ಠಿಯದಾಗಿರಲಿಲ್ಲ, ಕಚೇರಿ ಮೆಟ್ಟಿಲಿನದಾಗಿತ್ತು. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಅವರ ಪಕ್ಷದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಅದೇ ವರ್ಷ ಸೊರಬದಿಂದ ಎಸ್. ಬಂಗಾರಪ್ಪ ವಿಧಾನಸಭೆಗೆ ಬಂದರು. ಮುಂದೆ ಇಬ್ಬರೂ ಮುಖ್ಯಮಂತ್ರಿಗಳಾದರು, ಅಷ್ಟರಲ್ಲಿ ಬೇರೆಬೇರೆ ಪಕ್ಷಗಳಲ್ಲಿದ್ದರು.

ದೀರ್ಘ ಕಾಯಿಲೆಯ ನಂತರ 1972ರ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ಮುಂದಿನ ತಿಂಗಳೇ ವಿಧಾನಸಭೆ ರಾಜ್ಯದ ಹೆಸರು ಬದಲಿಸುವ ನಿರ್ಣಯ ಅಂಗೀಕರಿಸಿತು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಅವರ ಬದುಕಿನ ಎರಡೂ ಜಗಳಗಳು ಅವರು ಹೋದ ಎರಡು ವರ್ಷದೊಳಗೆ ಕಾನೂನಾದವು. ಅವರು ಯಾವುದಕ್ಕೂ ಇರಲಿಲ್ಲ.

1974ರ ಕಾಯ್ದೆ 1961ರದಕ್ಕಿಂತ ಬೇರೆಯಾದದ್ದು ಎಲ್ಲಿ? ಮೊದಲನೆಯದಾಗಿ, ಸೈನಿಕರಂಥ ಕೆಲವರ ಜಮೀನು ಬಿಟ್ಟು ಗೇಣಿಗೆ ಕೊಟ್ಟ ಎಲ್ಲ ಭೂಮಿಯೂ ಆ ದಿನದಿಂದ ಸರ್ಕಾರಕ್ಕೆ ಸೇರಿತು ಎಂದು ಅದು ಹೇಳಿತು. ‘ಸ್ವಂತ ಸಾಗುವಳಿ’ಯ ಕಿಂಡಿ ಮುಚ್ಚಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಬೇಕಿತ್ತು. ಮಲೆನಾಡು, ಕರಾವಳಿಯ ಹಿರಿಯರು ಇವತ್ತಿಗೂ ಅದನ್ನು ‘ಡಿಕ್ಲರೇಶನ್ ಹಾಕಿದ್ದು’ ಎನ್ನುತ್ತಾರೆ. ಅರ್ಜಿಯ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಬದಲು ಭೂನ್ಯಾಯ ಮಂಡಳಿ. ಅದರಲ್ಲಿ ಅಧಿಕಾರಿಯ ಜೊತೆ ಜನರ ಪ್ರತಿನಿಧಿಗಳು ಕೂರುತ್ತಿದ್ದರು. ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕಾಯ್ದೆಯ ಜೀವ ಇದ್ದದ್ದು ಈ ಕೊನೆಯ ಅಂಶದಲ್ಲಿ. ಕಾಗದ ಇಲ್ಲದವನು ಕಾಗದ ಇರುವವನ ಎದುರು ಗೆಲ್ಲಬೇಕಾದರೆ, ಪಕ್ಕದ ಗದ್ದೆಯವನ ಸಾಕ್ಷಿಗೆ ಬೆಲೆ ಬರಬೇಕಿತ್ತು, ವಾದದ ಚಾತುರ್ಯಕ್ಕಲ್ಲ. ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ತೀರ್ಪುಗಳು ಗೇಣಿದಾರರ ಪರವಾದವು. ಅರಸು ಸಂಪುಟದಲ್ಲಿ ಭೂಸುಧಾರಣೆಯ ಹೊಣೆ ಹೊತ್ತ ಬಿ. ಸುಬ್ಬಯ್ಯ ಶೆಟ್ಟರು ಕರಾವಳಿಯವರು. ಗೇಣಿ ಪದ್ಧತಿ ಗಟ್ಟಿಯಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಕಾಯ್ದೆ ಊರಿನ ಚಹರೆಯನ್ನೇ ಬದಲಿಸಿತು. ಗೇಣಿ ಮನೆಯ ಮಕ್ಕಳು ಹೈಸ್ಕೂಲು ದಾಟಿದರು, ಮೇಷ್ಟ್ರಾದರು, ಬ್ಯಾಂಕು ಸೇರಿದರು.

ಆದರೆ ‘ಉಳುವವನು’ ಎಂದರೆ ಯಾರು? ಕಾಯ್ದೆಯ ಕಣ್ಣಿಗೆ ಉಳುವವನು ಗೇಣಿದಾರ. ಗೇಣಿದಾರನ ಗದ್ದೆಯಲ್ಲೂ ಧಣಿಯ ಗದ್ದೆಯಲ್ಲೂ ಕೂಲಿಗೆ ದುಡಿದ ದಲಿತ ಅದರೊಳಗೆ ಬರಲಿಲ್ಲ. ಅವನ ಹೆಸರಲ್ಲಿ ಗೇಣಿಯೂ ಇರಲಿಲ್ಲ, ಡಿಕ್ಲರೇಶನ್ ಹಾಕಲು ಗದ್ದೆಯೂ ಇರಲಿಲ್ಲ. ಬಯಲುಸೀಮೆಯಲ್ಲಿ, ಹೈದರಾಬಾದ್ ಕರ್ನಾಟಕದಲ್ಲಿ ಕಾಯ್ದೆಯ ಪರಿಣಾಮ ಕರಾವಳಿಯಷ್ಟು ಕಾಣದೆ ಹೋದದ್ದಕ್ಕೆ ಇದೂ ಕಾರಣ. ಸಾಗರದ ಸುತ್ತಲೇ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆಮಠ ಬಿಟ್ಟುಬಂದ ಶರಾವತಿ ಸಂತ್ರಸ್ತರಲ್ಲಿ ಅನೇಕರು ಅರವತ್ತು ವರ್ಷ ಕಳೆದರೂ ತಾವು ಉಳುವ ನೆಲದ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಿರುವ ಬಗರ್ ಹುಕುಂನವರು ಫಾರಂ 50, 53, 57 ಎಂದು ಒಂದಾದ ಮೇಲೊಂದು ನಮೂನೆ ತುಂಬುತ್ತಾ ಬಂದಿದ್ದಾರೆ. ಇನ್ನೊಂದು ಕಡೆ 2020ರಲ್ಲಿ ಇದೇ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಬಾಗಿಲು ತೆರೆಯಲಾಯಿತು. ಸಾಲದಲ್ಲಿರುವ ಸಣ್ಣ ಹಿಡುವಳಿದಾರ ದುಡ್ಡಿರುವವನ ಎದುರು ಎಷ್ಟು ದಿನ ‘ಮಾರುವುದಿಲ್ಲ’ ಎನ್ನಬಲ್ಲ? ಆ ತಿದ್ದುಪಡಿಯನ್ನು ನಾನು ಒಪ್ಪಲಾರೆ.

ಕಾಗೋಡಿನ ಗೇಣಿ ಮನೆಗಳ ನಡುವಿನಿಂದ ಬಂದ ಕಾಗೋಡು ತಿಮ್ಮಪ್ಪನವರು, ಗೌಡರು ತೀರಿಕೊಂಡ 1972ರಲ್ಲೇ ಸಮಾಜವಾದಿ ಪಕ್ಷದಿಂದ ವಿಧಾನಸಭೆಗೆ ಬಂದಿದ್ದರು. 2016ರಲ್ಲಿ ಅವರು ಕಂದಾಯ ಮಂತ್ರಿಯಾದರು. ಅವರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ 38ಎ ಎಂಬ ಹೊಸ ಕಲಂ ಸೇರಿತು. ದಾಖಲೆಯಲ್ಲಿ ಊರೆಂದೇ ನಮೂದಾಗದ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿಗಳಲ್ಲಿ, ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ಆ ಅಡಿಜಾಗದ ಹಕ್ಕು ಕೊಡುವುದು ಅದರ ಉದ್ದೇಶ. ‘ವಾಸಿಸುವವನೇ ಮನೆಯೊಡೆಯ’ ಎಂದು ಅದನ್ನು ಕರೆದರು. 1974ರಲ್ಲಿ ಲೆಕ್ಕಕ್ಕೆ ಬಾರದೆ ಹೋದ, ದಾಖಲೆಯಿಲ್ಲದ ಇಂಥ ಊರುಗಳ ಕೂಲಿಯವನು ಅದೇ ಕಾಯ್ದೆಯೊಳಗೆ ಬರಲು ನಾಲ್ಕು ದಶಕ ಹಿಡಿಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಮನೆಯಡಿಯ ನೆಲದ ಹಕ್ಕುಪತ್ರ ವಿತರಣೆ ನಡೆಯಿತು.