ಬಿಲ್ ಪೂರ್ತಿ ಕಟ್ಟಿದ್ದೀನಿ, ಆದ್ರೂ ಸ್ಕೋರ್ ಯಾಕೆ ಇಳೀತು?

"ಒಂದು ಬಿಲ್ಲೂ ತಪ್ಪಿಸಿಲ್ಲ ಮೇಡಂ. ಪ್ರತಿ ತಿಂಗಳೂ ಪೂರ್ತಿ ಕಟ್ತೀನಿ. ಆದ್ರೂ ಕ್ರೆಡಿಟ್ ಸ್ಕೋರ್ ಇಳಿದಿದೆ."

ಕ್ರೆಡಿಟ್ ಸ್ಕೋರ್ ಅಂದರೆ ನೀವು ಸಾಲ ಸರಿಯಾಗಿ ತೀರಿಸುವವರೋ ಅಂತ ಅಂದಾಜು ಮಾಡಲು ಬ್ಯಾಂಕು ನೋಡುವ ಅಂಕ. ನನ್ನ ಬಳಿ ಸಲಹೆಗೆ ಬರುವವರಲ್ಲಿ ಸಾಲ ತೀರಿಸಲಾಗದವರು ಹೀಗೆ ಕೇಳುವುದಿಲ್ಲ. ಕೇಳುವವರೆಲ್ಲ ಶಿಸ್ತಿನ ಜನ. ಕಂತು ತಪ್ಪಿದರೆ ಸ್ಕೋರ್ ಬೀಳುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನಿಲ್ಲಿ ಕೊರೆಯುವುದಿಲ್ಲ. ನನ್ನ ತಲೆ ತಿನ್ನುವುದು ಬೇರೆ ವಿಷಯ. ಕ್ರೆಡಿಟ್ ಕಾರ್ಡಿಗೆ ಮುಖ್ಯವಾದ ತಾರೀಖು ಒಂದಲ್ಲ, ಎರಡು. ವರ್ಷಗಟ್ಟಲೆ ಹೇಳಿದ್ದೇನೆ. ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ.

ಒಂದು ಸ್ಟೇಟ್‌ಮೆಂಟ್ ಡೇಟ್, ಅಂದರೆ ಬಿಲ್ ತಯಾರಾಗುವ ದಿನ. ಇನ್ನೊಂದು ಡ್ಯೂ ಡೇಟ್, ಹಣ ಕಟ್ಟಲು ಕೊನೆಯ ದಿನ. ಎಲ್ಲರ ಕಣ್ಣೂ ಎರಡನೆಯದರ ಮೇಲೆ. ಬಡ್ಡಿ ಬೀಳಬಾರದು ಅಂದರೆ ಅದು ಸರಿಯೇ. ಆದರೆ ಬ್ಯಾಂಕು ನಿಮ್ಮ ಬಾಕಿಯನ್ನು ಕ್ರೆಡಿಟ್ ಬ್ಯೂರೋಗೆ (ಎಲ್ಲರ ಸಾಲದ ಲೆಕ್ಕ ಇಟ್ಟು ಸ್ಕೋರ್ ಕೊಡುವ ಸಂಸ್ಥೆಗೆ) ತಿಳಿಸುವಾಗ ಸಾಮಾನ್ಯವಾಗಿ ಕಳಿಸುವುದು ಬಿಲ್ ತಯಾರಾದಾಗ ಇದ್ದ ಮೊತ್ತವನ್ನು. ಕೆಲವು ಬ್ಯಾಂಕುಗಳ ಪದ್ಧತಿ ಬೇರೆ ಇರಬಹುದು, ನಿಮ್ಮದನ್ನು ಒಮ್ಮೆ ಕೇಳಿ ನೋಡಿ.

ಕಾರ್ಡಿನ ಮಿತಿ ಒಂದು ಲಕ್ಷ ಅಂದುಕೊಳ್ಳಿ. ತಿಂಗಳಲ್ಲಿ 85,000 ಖರ್ಚಾಯಿತು. 5ನೇ ತಾರೀಖು ಬಿಲ್ ಬಂತು. ಕೊನೆಯ ದಿನ 25. ನೀವು 24ಕ್ಕೇ ಪೂರ್ತಿ ಕಟ್ಟಿ ನಿರಾಳವಾದಿರಿ. ಬ್ಯೂರೋಗೆ ಹೋದ ಲೆಕ್ಕ ಮಾತ್ರ 85,000. ಅಂದರೆ ಮಿತಿಯಲ್ಲಿ ಶೇಕಡಾ 85ರಷ್ಟು ಬಳಸಿದವರು ನೀವು. ಸರಿ, 24ಕ್ಕೆ ಕಟ್ಟಿದ್ದು ಮುಂದಿನ ತಿಂಗಳಾದರೂ ಕಾಣಬೇಕಲ್ವಾ? ಕಾಣುವುದಿಲ್ಲ. ಅಷ್ಟರಲ್ಲಿ ಹೊಸ ಖರ್ಚು 80,000 ಸೇರಿರುತ್ತದೆ, ಮತ್ತೆ 5ನೇ ತಾರೀಖು ಬಂದಿರುತ್ತದೆ. ಒಂದು ಪೈಸೆ ಬಡ್ಡಿಯೂ ಬೀಳದಂತೆ ನೋಡಿಕೊಂಡ ನೀವು ಬ್ಯೂರೋ ಕಣ್ಣಿಗೆ ಸದಾ ಕತ್ತಿನವರೆಗೆ ಸಾಲ ಇರುವವರು. ಫೋಟೋ ತೆಗೆಯುವವನು ದಿನಾ ಕಸ ಗುಡಿಸುವ ಮೊದಲೇ ಬಂದು ಹೋದರೆ ಮನೆ ಹೇಗೆ ಕಂಡೀತು, ಹಾಗೆ.

ಇದಕ್ಕೆ ಎಷ್ಟು ತೂಕ? 1989ರಲ್ಲಿ ಅಮೆರಿಕದಲ್ಲಿ ಬಂದ ಫೈಕೊ ಸ್ಕೋರಿನಲ್ಲಿ ಮರುಪಾವತಿಯ ಇತಿಹಾಸಕ್ಕೆ ಶೇಕಡಾ 35, ಬಾಕಿ ಮೊತ್ತಕ್ಕೆ ಶೇಕಡಾ 30. ಮಿತಿಯಲ್ಲಿ ಎಷ್ಟು ಬಳಸಿದ್ದೀರಿ ಅನ್ನುವುದು ಈ 30ರೊಳಗಿನ ದೊಡ್ಡ ಅಂಶ. ಬೇರೆ ಸ್ಕೋರುಗಳ ಲೆಕ್ಕ ಬೇರೆ, ಆದರೆ ಬಳಕೆಯನ್ನು ನೋಡದ ಸ್ಕೋರು ಅಪರೂಪ. ಶೇಕಡಾ 30 ದಾಟಬೇಡಿ ಅನ್ನುವ ಮಾತು ಕೇಳಿರುತ್ತೀರಿ. ಅದೇನೂ ಲಕ್ಷ್ಮಣರೇಖೆ ಅಲ್ಲ. 29ಕ್ಕೆ ಹೊಗಳಿ 31ಕ್ಕೆ ಹೊಡೆಯುವುದಿಲ್ಲ. ಕಡಿಮೆ ಇದ್ದಷ್ಟೂ ಒಳ್ಳೆಯದು, ಅಷ್ಟೇ.

ಹಿಂದೊಮ್ಮೆ ಒಬ್ಬರು ಬಂದಿದ್ದರು. ಲೆಕ್ಕಪತ್ರದ ಕೆಲಸದಲ್ಲಿದ್ದವರು, ಪೈಸೆ ಪೈಸೆಗೂ ವಹಿ. ಒಂದೊಂದು ಲಕ್ಷ ಮಿತಿಯ ಮೂರು ಕಾರ್ಡು, ಬಳಸುತ್ತಿದ್ದದ್ದು ಒಂದೇ. ಮನೆ ಸಾಲಕ್ಕೆ ಅರ್ಜಿ ಹಾಕುವ ಮುಂಚೆ ಯಾರೋ ಹೇಳಿದರಂತೆ, ಕಾರ್ಡು ಜಾಸ್ತಿ ಇದ್ದರೆ ಕೆಟ್ಟದು ಅಂತ. ಇವರು ಸುಮ್ನೆ ಬಿದ್ದಿದ್ದ ಎರಡು ಹಳೆಯ ಕಾರ್ಡುಗಳನ್ನು ರದ್ದು ಮಾಡಿಸಿಬಿಟ್ಟರು. ಖರ್ಚು ಅದೇ 85,000. ಆದರೆ ಒಟ್ಟು ಮಿತಿ ಮೂರು ಲಕ್ಷದಿಂದ ಒಂದಕ್ಕೆ ಇಳಿಯಿತು. ಶೇಕಡಾ 28 ಇದ್ದ ಬಳಕೆ ರಾತ್ರೋರಾತ್ರಿ 85. ಸ್ಕೋರ್ ಬಿತ್ತು. ಗಾಬರಿಯಾಗಿ ಮಿತಿ ಹೆಚ್ಚಿಸಿಕೊಳ್ಳಲು ಒಂದೇ ವಾರದಲ್ಲಿ ಮೂರು ಹೊಸ ಕಾರ್ಡಿಗೆ ಅರ್ಜಿ ಹಾಕಿದರು! ಒಂದೊಂದು ಅರ್ಜಿಗೂ ಬ್ಯಾಂಕು ಬ್ಯೂರೋದಿಂದ ನಿಮ್ಮ ವರದಿ ತರಿಸಿ ನೋಡುತ್ತದೆ. ಆ ವಿಚಾರಣೆ ದಾಖಲಾಗುತ್ತದೆ, ಸ್ಕೋರ್ ಇನ್ನಷ್ಟು ಇಳಿಯಿತು. ನನಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಮನುಷ್ಯ ಒಳ್ಳೆಯವರು, ಬೈಯಲಿಲ್ಲ.

ತಮ್ಮ ಸ್ಕೋರನ್ನು ಒಮ್ಮೆಯೂ ಯಾಕೆ ನೋಡಿಕೊಳ್ಳಲಿಲ್ಲ ಅಂತ ಕೇಳಿದೆ. ನೋಡಿದರೆ ಇಳಿಯುತ್ತದಂತಲ್ಲ ಅಂದರು. ಇಳಿಯುವುದಿಲ್ಲ ರೀ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಏನೂ ಆಗುವುದಿಲ್ಲ.

ಅವರಿಗೆ ಹೇಳಿದ ಉಪಾಯ ಇಷ್ಟೇ. ಬಿಲ್ ಬರುವವರೆಗೆ ಕಾಯಬೇಡಿ. ಸ್ಟೇಟ್‌ಮೆಂಟ್ ಡೇಟ್‌ಗೆ ಮೂರು ನಾಲ್ಕು ದಿನ ಇರುವಾಗಲೇ ಬಹುಪಾಲು ಹಣ ಕಟ್ಟಿಬಿಡಿ. ಉಳಿದ ಚಿಲ್ಲರೆಗೆ ಬಿಲ್ ಬರುತ್ತದೆ, ಅದನ್ನು ಡ್ಯೂ ಡೇಟ್ ಒಳಗೆ ಮರೆಯದೆ ತೀರಿಸಿ. ಖರ್ಚು ಕಡಿಮೆ ಮಾಡಬೇಕಿಲ್ಲ, ಕೈಯಿಂದ ಹೆಚ್ಚಿಗೆ ಹಾಕಬೇಕಿಲ್ಲ, ಕಟ್ಟುವ ದಿನ ಬದಲಾದರೆ ಸಾಕು. ಈ ಬಳಕೆಯ ಲೆಕ್ಕಕ್ಕೆ ಸಾಮಾನ್ಯವಾಗಿ ನೆನಪಿನ ಶಕ್ತಿ ಕಡಿಮೆ, ಹೊಸ ಮೊತ್ತ ಬಂದರೆ ಹಳೆಯದು ಮರೆಯುತ್ತದೆ. ಹಿಂದಿನ ತಿಂಗಳುಗಳ ಜಾಡು ಹಿಡಿದು ಸ್ಕೋರ್ ಲೆಕ್ಕ ಹಾಕುವ ಹೊಸ ಮಾದರಿಗಳೂ ಬಂದಿವೆ, ಹಾಗಾಗಿ ಎಲ್ಲರಿಗೂ ಒಂದೇ ತಿಂಗಳಲ್ಲಿ ಸರಿಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಇನ್ನೊಂದು, ಸದ್ಯಕ್ಕೆ ಯಾವ ಸಾಲವೂ ಬೇಡ ಅನ್ನುವವರು ಇಷ್ಟೆಲ್ಲ ಒದ್ದಾಡಬೇಕಾಗಿಲ್ಲ. ಪೂರ್ತಿ ಕಟ್ಟುತ್ತಾ ಇರಿ, ಸಾಕು. ಅರ್ಜಿ ಹಾಕುವ ಎರಡು ಮೂರು ತಿಂಗಳು ಮುಂಚೆ ಈ ಕಡೆ ಗಮನ ಕೊಡಿ.

ಅವರ ಸ್ಕೋರ್ ಎರಡು ಬಿಲ್ ಕಳೆಯುವಷ್ಟರಲ್ಲಿ ಬಹುಪಾಲು ಚೇತರಿಸಿಕೊಂಡಿತು. ಮನೆ ಸಾಲವೂ ಸಿಕ್ಕಿತು. ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ: "ಮೇಡಂ, ನಾಳಿದ್ದು ಫೋಟೋ, ಇವತ್ತೇ ಗುಡಿಸಿಬಿಟ್ಟೆ." ಸಾಲ ಸಿಕ್ಕಾಯ್ತಲ್ಲ, ಇನ್ನು ಬಿಡಿ ಅಂದರೂ ಕೇಳುವುದಿಲ್ಲ.